ನಾಬ್ ತಿರುಗಿಸಿದಾಗ ಫಿಲ್ಟರ್ ಕೂಗುವುದೇಕೆ?

ಪ್ರಶ್ನೆ: ಸರ್, ನಾನು ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸುತ್ತೇನೆ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದೇನೆ. ಸುತ್ತಲಿನ ಅಕ್ಕಿ ಗಿರಣಿಗಳಲ್ಲಿ ಬ್ಲೋವರ್, ಎಲಿವೇಟರ್ ಮೋಟಾರ್‌ಗಳು ಅದುರುವಾಗ ದೋಷ ಬ್ಯಾಲೆನ್ಸಿನದೋ ಬೇರಿಂಗಿನದೋ ಎಂದು ತಿಳಿಯಲು ಒಂದು ಟ್ಯೂನಬಲ್ ಫಿಲ್ಟರ್ (ನಾಬ್ ತಿರುಗಿಸಿ ಬೇಕಾದ ಆವರ್ತನವನ್ನು ಮಾತ್ರ ಆರಿಸಿಕೊಳ್ಳುವ ಸರ್ಕ್ಯೂಟ್) ಮಾಡಿದ್ದೇನೆ. ಎಲ್‌ಎಂ324 ಐಸಿ, 100 ಕಿಲೋಓಮ್‌ನ ಜೋಡಿ ಪಾಟ್ (ಒಂದೇ ನಾಬಿನಿಂದ ತಿರುಗುವ ಎರಡು ಬದಲಾಗುವ ರೆಸಿಸ್ಟರ್) ಮತ್ತು 0.1 ಮೈಕ್ರೋಫ್ಯಾರಡ್‌ನ ಎರಡು ಡಿಸ್ಕ್ ಕೆಪಾಸಿಟರ್ ಬಳಸಿದ ಸ್ಯಾಲನ್-ಕೀ ಸರ್ಕ್ಯೂಟ್ ಅದು. ಶಿಖರ ಚೂಪಾಗಲೆಂದು ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) 2.9ಕ್ಕೆ ಏರಿಸಿದ್ದೇನೆ. ಸೆನ್ಸರ್ ಆಗಿ ಬಜರ್‌ನ ಪೀಜೋ ಬಿಲ್ಲೆ (ಅದುರಿದರೆ ವೋಲ್ಟೇಜ್ ಕೊಡುವ ಬಿಲ್ಲೆ) ಹಚ್ಚಿ, ಅದಕ್ಕೆ ಅಡ್ಡಲಾಗಿ 10 ಕಿಲೋಓಮ್ ರೆಸಿಸ್ಟರ್ ಹಾಕಿದ್ದೇನೆ. ನಾಬ್ ತಿರುಗಿಸುವಾಗ ಕೆಲವು ಕಡೆ ಶಿಖರ ಮೊಂಡಾಗುತ್ತದೆ, ಕೆಲವು ಕಡೆ ಇನ್‌ಪುಟ್ ಇಲ್ಲದಿದ್ದರೂ ಸರ್ಕ್ಯೂಟ್ ತಾನೇ ಕೂಗುತ್ತದೆ. ಬೆಳಿಗ್ಗೆ 24 ಹರ್ಟ್ಸ್ ಎಂದು ಗುರುತು ಹಾಕಿದ ಜಾಗ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿರುವುದಿಲ್ಲ. ಸಿಗ್ನಲ್ ಕೂಡ ಬಹಳ ಕಡಿಮೆ. ಐಸಿ ನಕಲಿಯದಿರಬೇಕೆಂದು ಒಬ್ಬರು, ಅನಲಾಗ್ ಬಿಟ್ಟು ಡಿಜಿಟಲ್‌ಗೆ ಹೋಗಿ ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ: ನಾಬ್ ತಿರುಗಿದಂತೆ ಫಿಲ್ಟರಿನ ಸ್ವಭಾವವೇ ಬದಲಾಗುವುದು, ಬಿಸಿಲೇರಿದಂತೆ ಆವರ್ತನ ಜಾರುವುದು, ಸಿಗ್ನಲ್ ಕ್ಷೀಣವಾಗಿರುವುದು. ಮೂರಕ್ಕೂ ಕಾರಣ ಬೇರೆ ಬೇರೆ, ಮತ್ತು ಮೂರರಲ್ಲಿ ಯಾವುದಕ್ಕೂ ಐಸಿ ಕಾರಣವಲ್ಲ. ಮಾರುಕಟ್ಟೆಯಲ್ಲಿ ನಕಲಿ ಐಸಿಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಎಲ್‌ಎಂ324ರ ಗೇನ್-ಬ್ಯಾಂಡ್‌ವಿಡ್ತ್, ಅಂದರೆ ಗೇನ್ ಮತ್ತು ಆವರ್ತನದ ಗುಣಲಬ್ಧದ ಮಿತಿ, ಸುಮಾರು 1 ಮೆಗಾಹರ್ಟ್ಸ್. ನಿಮ್ಮ ಕೆಲಸ 16ರಿಂದ 1000 ಹರ್ಟ್ಸ್ ಒಳಗಿನದು, ಗೇನ್ ಬರೀ 2.9. ಇಷ್ಟು ಕಡಿಮೆ ವೇಗದ ಕೆಲಸದಲ್ಲಿ ಅತ್ಯಂತ ಸಾಧಾರಣ ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಕೂಡ ತಡವರಿಸುವುದಿಲ್ಲ. ಐಸಿ ಬದಲಿಸುತ್ತ ಹೋದರೆ ಹಣ ಖರ್ಚಾಗುತ್ತದೆ, ಕೂಗು ನಿಲ್ಲುವುದಿಲ್ಲ.

ಕೂಗುವ ವಿಷಯವನ್ನು ಮೊದಲು ನೋಡೋಣ, ಏಕೆಂದರೆ ಟ್ಯೂನಬಲ್ ಫಿಲ್ಟರ್ ವಿನ್ಯಾಸದ ಮುಖ್ಯ ಪಾಠ ಅಲ್ಲಿಯೇ ಇದೆ. ಸ್ಯಾಲನ್ ಮತ್ತು ಕೀ ಅವರು 1955ರಲ್ಲಿ ಪ್ರಕಟಿಸಿದ ಈ ಸರ್ಕ್ಯೂಟ್ ನಿಶ್ಚಿತ ಆವರ್ತನದ, ಕಡಿಮೆ ಕ್ಯೂನ ಫಿಲ್ಟರಿಗೆ ಇಂದಿಗೂ ಬಹಳ ಒಳ್ಳೆಯದು. ಕ್ಯೂ ಎಂದರೆ ಮಧ್ಯದ ಆವರ್ತನವನ್ನು ಬ್ಯಾಂಡ್‌ವಿಡ್ತ್‌ನಿಂದ (ಫಿಲ್ಟರ್ ದಾಟಿಸುವ ಆವರ್ತನ ಪಟ್ಟೆಯ ಅಗಲದಿಂದ) ಭಾಗಿಸಿದಾಗ ಬರುವ ಸಂಖ್ಯೆ. ಅದು ದೊಡ್ಡದಾದಷ್ಟೂ ಶಿಖರ ಚೂಪು. ಎರಡು ರೆಸಿಸ್ಟರ್‌ಗಳೂ ಎರಡು ಕೆಪಾಸಿಟರ್‌ಗಳೂ ಪರಸ್ಪರ ಸಮನಾಗಿದ್ದಾಗ ಈ ಸರ್ಕ್ಯೂಟಿನ ಕ್ಯೂ ಎಂದರೆ 3ರಿಂದ ಗೇನನ್ನು ಕಳೆದು, ಉಳಿದದ್ದರಿಂದ 1ನ್ನು ಭಾಗಿಸಿದಷ್ಟು. ಗೇನ್ 2.9 ಆದರೆ ಕ್ಯೂ 10. ಎರಡು ದೊಡ್ಡ ಸಂಖ್ಯೆಗಳ ನಡುವಿನ 0.1ರ ಸಣ್ಣ ವ್ಯತ್ಯಾಸದ ಮೇಲೆ ಇಡೀ ಚೂಪು ನಿಂತಿದೆ ಎಂಬುದನ್ನು ಗಮನಿಸಿ. ಜೋಡಿ ಪಾಟ್‌ನ ಎರಡು ಪಟ್ಟಿಗಳು ಎಲ್ಲ ಜಾಗದಲ್ಲೂ ಒಂದೇ ಓಮ್ ತೋರಿಸುವುದಿಲ್ಲ. ಸ್ಟೀರಿಯೊ ವಾಲ್ಯೂಮಿಗೆಂದು ಮಾಡಿದ ಕಾರ್ಬನ್ ಪಾಟ್‌ಗಳಲ್ಲಿ ಶೇಕಡ 10ರ ವ್ಯತ್ಯಾಸ ಅಪರೂಪವಲ್ಲ. ಎರಡನೆಯ ಪಟ್ಟಿಯ ಓಮ್ ಮೊದಲನೆಯದಕ್ಕಿಂತ ಶೇಕಡ 10 ಕಡಿಮೆಯಾದ ಜಾಗದಲ್ಲಿ, ಲೆಕ್ಕದಲ್ಲಿರುವ ಆ 3 ಎಂಬುದು 2.9 ಆಗಿಬಿಡುತ್ತದೆ. ಅದರಿಂದ ನಿಮ್ಮ ಗೇನ್ 2.9ನ್ನು ಕಳೆದರೆ ಉಳಿಯುವುದು ಸೊನ್ನೆ, ಅಂದರೆ ಫಿಲ್ಟರ್ ಹೋಗಿ ಆಸಿಲೇಟರ್ (ತಾನೇ ಕೂಗುವ ಸರ್ಕ್ಯೂಟ್) ಆಯಿತು. ಅದೇ ಪಟ್ಟಿ ಶೇಕಡ 10 ಹೆಚ್ಚಾದ ಜಾಗದಲ್ಲಿ 3.1ರಿಂದ 2.9 ಕಳೆದು 0.2 ಉಳಿಯುತ್ತದೆ, ಕ್ಯೂ ಸುಮಾರು 5ಕ್ಕೆ ಕುಸಿಯುತ್ತದೆ. ನೀವು ಕಂಡ ಮೊಂಡು ಶಿಖರ ಇದೇ. ಆದ್ದರಿಂದ ನಿಮ್ಮ ಕೈಗೆಲಸದಲ್ಲಿ ದೋಷವಿಲ್ಲ. ಈ ಜಾತಿಯ ಸರ್ಕ್ಯೂಟನ್ನು ಹೆಚ್ಚು ಕ್ಯೂ ಇಟ್ಟು ಜೋಡಿ ಪಾಟ್‌ನಿಂದ ಟ್ಯೂನ್ ಮಾಡಹೊರಟರೆ ಯಾರ ಕೈಯಲ್ಲಾದರೂ ಹೀಗೆಯೇ ಆಗುತ್ತದೆ.

ಪಾಟ್‌ನಿಂದ ಇನ್ನೂ ಒಂದು ತೊಂದರೆಯಿದೆ, ಅದನ್ನು ನೀವು ಬರೆದಿಲ್ಲವಾದರೂ ಖಂಡಿತ ಅನುಭವಿಸಿರುತ್ತೀರಿ. ಆವರ್ತನ ಓಮಿಗೆ ವಿಲೋಮವಾಗಿ ಬದಲಾಗುತ್ತದೆ. ನಿಮ್ಮ ಬಿಡಿಭಾಗಗಳ ಅಳತೆಗಳಲ್ಲಿ 100 ಕಿಲೋಓಮ್‌ಗೆ ಸುಮಾರು 16 ಹರ್ಟ್ಸ್, 66 ಕಿಲೋಓಮ್‌ಗೆ 24 ಹರ್ಟ್ಸ್, 16 ಕಿಲೋಓಮ್‌ಗೆ 100 ಹರ್ಟ್ಸ್, 1.6 ಕಿಲೋಓಮ್‌ಗೆ 1000 ಹರ್ಟ್ಸ್ ಬರುತ್ತದೆ. ಲೀನಿಯರ್ ಪಾಟ್‌ನಲ್ಲಿ 100ರಿಂದ 1000 ಹರ್ಟ್ಸ್ ತನಕದ ಇಡೀ ಹತ್ತುಪಟ್ಟಿನ ವ್ಯಾಪ್ತಿ ನಾಬಿನ ಕೊನೆಯ ಶೇಕಡ 15ರಷ್ಟು ತಿರುವಿನೊಳಗೆ ಇಕ್ಕಟ್ಟಾಗಿ ಸೇರಿಕೊಳ್ಳುತ್ತದೆ. ಅಲ್ಲಿ ಯಾವ ಗುರುತು ಹಾಕಿದರೂ ಅರ್ಥವಿಲ್ಲ.

ಮಧ್ಯಾಹ್ನದ ಜಾರುವಿಕೆಗೆ ಡಿಸ್ಕ್ ಕೆಪಾಸಿಟರ್ ಕಾರಣ. 104 (ಅಂದರೆ 0.1 ಮೈಕ್ರೋಫ್ಯಾರಡ್) ಎಂದು ಬರೆದ ಅಗ್ಗದ ಸೆರಾಮಿಕ್ ಬಿಲ್ಲೆಗಳು ಸಾಮಾನ್ಯವಾಗಿ ಝಡ್5ಯು ಅಥವಾ ವೈ5ವಿ ದರ್ಜೆಯವು. ವೈ5ವಿ ದರ್ಜೆಯ ಕೆಪಾಸಿಟರ್ ಮೈನಸ್ 30ರಿಂದ 85 ಡಿಗ್ರಿಯೊಳಗೆ ತನ್ನ ಫ್ಯಾರಡ್ ಅಳತೆಯನ್ನು ಶೇಕಡ 22ರಷ್ಟು ಏರಿಸಿಕೊಳ್ಳಬಹುದು ಇಲ್ಲವೇ ಶೇಕಡ 82ರಷ್ಟು ಇಳಿಸಿಕೊಳ್ಳಬಹುದು ಎಂದು ಆ ದರ್ಜೆಯ ನಿಯಮವೇ ಅನುಮತಿಸುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ವಾಡಿಕೆ, ಗಿರಣಿಯ ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಎರಡೂ ಕೆಪಾಸಿಟರ್‌ಗಳು ಶೇಕಡ 20 ಇಳಿದರೆ ಆವರ್ತನ ಶೇಕಡ 25 ಏರುತ್ತದೆ. 24 ಎಂದು ಗುರುತು ಹಾಕಿದ ಜಾಗ 30ನ್ನು ತೋರಿಸುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ ಸೆರಾಮಿಕ್‌ಗಳು ಬೇರಿಯಂ ಟೈಟನೇಟ್‌ನಿಂದ ಆದವು, ಪೀಜೋ ಗುಣವುಳ್ಳವು; ಅದುರಿದರೆ ತಾವೇ ವೋಲ್ಟೇಜ್ ಹುಟ್ಟಿಸುತ್ತವೆ. ಕಂಪನ ಅಳೆಯುವ ಪೆಟ್ಟಿಗೆಯನ್ನು ಅದುರುವ ಯಂತ್ರದ ಮೇಲಿಟ್ಟರೆ ಕೆಪಾಸಿಟರೇ ಎರಡನೆಯ ಸೆನ್ಸರ್ ಆಗುತ್ತದೆ. ಫಿಲ್ಟರಿನ ಆವರ್ತನ ನಿರ್ಧರಿಸುವ ಜಾಗದಲ್ಲಿ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ; 25 ಡಿಗ್ರಿ ಬಿಸಿ ಏರಿದರೆ ಅದರ ಅಳತೆ ಸುಮಾರು ಶೇಕಡ 0.5ರಷ್ಟು ಮಾತ್ರ ಇಳಿಯುತ್ತದೆ. ಅದು ಸಿಗದಿದ್ದರೆ ಪಾಲಿಯೆಸ್ಟರ್ ಆದೀತು, ಸುಮಾರು ಶೇಕಡ 1ರಷ್ಟು ಏರುತ್ತದೆ. ಸಣ್ಣ ಫ್ಯಾರಡ್ ಅಳತೆಗಳಿಗೆ ಸಿ0ಜಿ ದರ್ಜೆಯ ಸೆರಾಮಿಕ್ ಉತ್ತಮ. ಅದಕ್ಕೆ ಈ ಪೀಜೋ ರೋಗವಿಲ್ಲ. ರೆಸಿಸ್ಟರ್‌ಗಳು ಶೇಕಡ 1ರ ಮೆಟಲ್ ಫಿಲ್ಮ್ ಇರಲಿ. ಇವೆಲ್ಲ ಹತ್ತಿರದಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಟಿಯಲ್ಲಿ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಸಿಗ್ನಲ್ ಕಡಿಮೆ ಎಂಬ ಮಾತಿಗೆ ಫಿಲ್ಟರ್ ಹೊಣೆಯಲ್ಲ. ಪೀಜೋ ಬಿಲ್ಲೆ ವಿದ್ಯುತ್ ದೃಷ್ಟಿಯಲ್ಲಿ ಒಂದು ಕೆಪಾಸಿಟರ್. 27 ಮಿಲಿಮೀಟರಿನ ಬಿಲ್ಲೆಗೆ ಸುಮಾರು 20 ನ್ಯಾನೋಫ್ಯಾರಡ್. ಅದಕ್ಕೆ ಅಡ್ಡಲಾಗಿ 10 ಕಿಲೋಓಮ್ ಹಾಕಿದಾಗ ನಿಮಗೆ ತಿಳಿಯದಂತೆ 800 ಹರ್ಟ್ಸ್‌ನ ಹೈ-ಪಾಸ್ ಫಿಲ್ಟರ್ (ಕೆಳಗಿನ ಆವರ್ತನಗಳನ್ನು ತಡೆಯುವುದು) ಒಂದು ಸಿದ್ಧವಾಯಿತು. ನಿಮಗೆ ಬೇಕಾದ 24 ಹರ್ಟ್ಸ್ ಅಲ್ಲಿಯೇ ಮೂವತ್ತಮೂರನೆಯ ಒಂದು ಪಾಲಿಗೆ ಇಳಿಯಿತು. ಆ ರೆಸಿಸ್ಟರ್ ಬೇಡವೇ ಬೇಡ ಎನ್ನುವಂತಿಲ್ಲ, ಆಪ್-ಆಂಪಿನ ಬಯಸ್ ಕರೆಂಟಿಗೆ (ಅದರ ಇನ್‌ಪುಟ್ ಕಾಲಿನ ಅತಿ ಸಣ್ಣ ಕರೆಂಟಿಗೆ) ದಾರಿ ಬೇಕೇಬೇಕು. ಅದನ್ನು 1 ಮೆಗಾಓಮ್‌ಗೆ ಏರಿಸಿ, ನಂತರ ಜೆಫೆಟ್ ಇನ್‌ಪುಟ್‌ನ (ಅತ್ಯಲ್ಪ ಕರೆಂಟ್ ಎಳೆಯುವ) ಟಿಎಲ್072 ಅಥವಾ ಟಿಎಲ್074ನ್ನು ಬಫರ್ (ಸೆನ್ಸರಿಗೆ ಹೊರೆಯಾಗದ ಮಧ್ಯವರ್ತಿ) ಆಗಿ ಬಳಸಿ. ಆಗ ಕೆಳಗಿನ ಮಿತಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಬಿಲ್ಲೆಯ ಬದಲು ಎಡಿಎಕ್ಸ್‌ಎಲ್335 ಆಕ್ಸಿಲರೋಮೀಟರ್ ಮಾಡ್ಯೂಲ್ ಬಳಸಬಹುದು. ಅದು 1 ಜಿಗೆ (ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷಕ್ಕೆ) ಸುಮಾರು 300 ಮಿಲಿವೋಲ್ಟ್ ಕೊಡುತ್ತದೆ, ಅಳತೆ ನಂಬಿಕಸ್ತವಾಗಿರುತ್ತದೆ. ಆದರೆ ಮಾಡ್ಯೂಲ್ ಮೇಲೆ ಔಟ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಚ್ಚಿದ್ದರೆ 50 ಹರ್ಟ್ಸ್ ಮೇಲಿನದೆಲ್ಲ ಅಲ್ಲಿಯೇ ಕುಗ್ಗುತ್ತದೆ ಎಂಬುದು ನೆನಪಿರಲಿ.

ಈಗ ಕ್ಯೂ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯ ಬಗ್ಗೆ ಒಂದು ಮಾತು. ನಾಲ್ಕು ಪೋಲ್ ಮೋಟಾರ್ ಖಾಲಿ ಓಡುವಾಗ ನಿಮಿಷಕ್ಕೆ 1480 ಸುತ್ತು, ಪೂರ್ಣ ಲೋಡಿನಲ್ಲಿ 1440 ಸುತ್ತು ಎಂದಿಟ್ಟುಕೊಳ್ಳಿ. ಅಂದರೆ 24.67ರಿಂದ 24 ಹರ್ಟ್ಸ್ ತನಕ ಓಡಾಟವಿದೆ. ಕ್ಯೂ 50 ಇದ್ದರೆ ಬ್ಯಾಂಡ್‌ವಿಡ್ತ್ 0.48 ಹರ್ಟ್ಸ್ ಮಾತ್ರ. ಎಲಿವೇಟರಿಗೆ ಭತ್ತ ಬೀಳುತ್ತಿದ್ದಂತೆ ಮೋಟಾರಿನ ವೇಗ ಫಿಲ್ಟರಿನ ಕಿಟಕಿಯಿಂದ ಹೊರಗೆ ಹೋಗುತ್ತದೆ, ಮೀಟರ್ ಇಳಿಯುತ್ತದೆ, ಕಂಪನ ಕಡಿಮೆಯಾಯಿತೆಂದು ನೀವು ತಪ್ಪು ತಿಳಿಯುತ್ತೀರಿ. ಚೂಪಾದ ಫಿಲ್ಟರ್ ನಿಧಾನ ಕೂಡ. ಕ್ಯೂ 20 ಇರುವ 24 ಹರ್ಟ್ಸ್‌ನ ಫಿಲ್ಟರ್ ಪೂರ್ತಿ ನೆಲೆಗೊಳ್ಳಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ನಾಬನ್ನು ಸರ್ರನೆ ತಿರುಗಿಸಿದರೆ ಶಿಖರ ಕಾಣಿಸದೆಯೇ ದಾಟಿಹೋಗುತ್ತದೆ. ನಿಮ್ಮ ಕೆಲಸಕ್ಕೆ ಕ್ಯೂ 5ರಿಂದ 10 ಸಾಕು. ಅದಕ್ಕಿಂತ ಮುಂದೆ ಹೋಗಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ಹಾಗಾದರೆ ಯಾವ ಸರ್ಕ್ಯೂಟ್? ನಾಬ್ ಆವರ್ತನವನ್ನು ಮಾತ್ರ ಬದಲಿಸಬೇಕು, ಕ್ಯೂ ಮತ್ತು ಗೇನ್ ಅಲುಗಬಾರದು; ಯಂತ್ರದ ಕಂಪನವನ್ನು ಒಂದು ಆವರ್ತನದಿಂದ ಇನ್ನೊಂದಕ್ಕೆ ಹೋಲಿಸುವವರಿಗೆ ಇದು ಅನುಕೂಲದ ಪ್ರಶ್ನೆಯಲ್ಲ, ಅಳತೆಯ ಪ್ರಾಮಾಣಿಕತೆಯ ಪ್ರಶ್ನೆ. ಈ ಗುಣವಿರುವುದು ಸ್ಟೇಟ್-ವೇರಿಯಬಲ್ ಫಿಲ್ಟರಿಗೆ. ಕರ್ವಿನ್, ಹ್ಯೂಲ್ಸ್‌ಮನ್ ಮತ್ತು ನ್ಯೂಕೂಂಬ್ 1967ರಲ್ಲಿ ವಿವರಿಸಿದ ವಿನ್ಯಾಸವಿದು. ಒಂದು ಕೂಡಿಸುವ ಆಪ್-ಆಂಪ್, ಅದರ ನಂತರ ಸಾಲಾಗಿ ಎರಡು ಇಂಟಿಗ್ರೇಟರ್ (ಸಿಗ್ನಲನ್ನು ಕಾಲದೊಡನೆ ಕೂಡಿಸುತ್ತ ಹೋಗುವ ಸರ್ಕ್ಯೂಟ್). ಮೊದಲ ಇಂಟಿಗ್ರೇಟರಿನ ಔಟ್‌ಪುಟ್ ಬ್ಯಾಂಡ್-ಪಾಸ್ (ಒಂದು ಪಟ್ಟೆಯನ್ನು ಮಾತ್ರ ದಾಟಿಸುವುದು), ಎರಡನೆಯದರದು ಲೋ-ಪಾಸ್ (ಕೆಳಗಿನ ಆವರ್ತನಗಳನ್ನು ಮಾತ್ರ ದಾಟಿಸುವುದು). ನಾಲ್ಕು ಆಪ್-ಆಂಪ್‌ಗಳಿರುವ ಟಿಎಲ್074 ಒಂದೇ ಸಾಕು. ನಾಲ್ಕನೆಯದು ಸೆನ್ಸರಿನ ಬಫರಿಗೆ.

ಕೂಡಿಸುವ ಆಪ್-ಆಂಪಿನ ಮೈನಸ್ ಕಾಲಿಗೆ 100 ಕಿಲೋಓಮ್‌ನ ಮೂರು ರೆಸಿಸ್ಟರ್ ಬರಲಿ: ಒಂದು ಇನ್‌ಪುಟ್‌ನಿಂದ, ಒಂದು ಲೋ-ಪಾಸ್ ಔಟ್‌ಪುಟ್‌ನಿಂದ, ಒಂದು ಅದೇ ಆಪ್-ಆಂಪಿನ ಔಟ್‌ಪುಟ್‌ನಿಂದ. ಪ್ಲಸ್ ಕಾಲಿಗೆ ಬ್ಯಾಂಡ್-ಪಾಸ್ ಔಟ್‌ಪುಟ್‌ನಿಂದ 30 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 1 ಕಿಲೋಓಮ್ ಹಾಕಿದರೆ ಕ್ಯೂ ಸುಮಾರು 10. 30ರ ಬದಲು 15 ಕಿಲೋಓಮ್ ಹಾಕಿದರೆ ಸುಮಾರು 5. ಕ್ಯೂ ಈಗ ಎರಡು ನಿಶ್ಚಿತ ರೆಸಿಸ್ಟರ್‌ಗಳ ಅನುಪಾತದಿಂದ ಬರುತ್ತದೆ, ಪಾಟ್‌ಗೂ ಅದಕ್ಕೂ ಸಂಬಂಧ ಅತ್ಯಲ್ಪ. ಈ ಜೋಡಣೆಯಲ್ಲಿ ಶಿಖರದ ಗೇನ್ ಕ್ಯೂನಷ್ಟೇ ಇರುತ್ತದೆಯಾದ್ದರಿಂದ, ಸಿಗ್ನಲ್ ಕತ್ತರಿಸಿಹೋಗದಂತೆ ಇನ್‌ಪುಟ್ ಅನ್ನು ಮೊದಲೇ ತಗ್ಗಿಸಿಕೊಳ್ಳಬೇಕು.

ಆವರ್ತನದ ನಾಬ್ ಇಲ್ಲಿ ಹೇಗೆ ಬರುತ್ತದೆ ಎಂಬುದು ಬಹುಮುಖ್ಯ. ಪಾಟನ್ನು ಬದಲಾಗುವ ರೆಸಿಸ್ಟರ್ ಆಗಿ ಬಳಸಬೇಡಿ, ವೋಲ್ಟೇಜ್ ಹಂಚುವ ಪಾಟ್ ಆಗಿಯೇ ಬಳಸಿ. 10 ಕಿಲೋಓಮ್‌ನ ಲೀನಿಯರ್ ಜೋಡಿ ಪಾಟ್ ತೆಗೆದುಕೊಂಡು, ಪ್ರತಿ ಪಟ್ಟಿಯ ಮೇಲಿನ ತುದಿಯನ್ನು ಹಿಂದಿನ ಆಪ್-ಆಂಪಿನ ಔಟ್‌ಪುಟ್‌ಗೂ, ಕೆಳಗಿನ ತುದಿಯನ್ನು 1 ಕಿಲೋಓಮ್ ಮೂಲಕ ಗ್ರೌಂಡಿಗೂ ಸೇರಿಸಿ. ನಡುವಿನ ಕಾಲಿನಿಂದ 150 ಕಿಲೋಓಮ್ ಮೂಲಕ ಇಂಟಿಗ್ರೇಟರಿಗೆ ಕೊಡಿ. ಇಂಟಿಗ್ರೇಟರ್ ಕೆಪಾಸಿಟರ್ 10 ನ್ಯಾನೋಫ್ಯಾರಡ್ ಆದರೆ ನಾಬ್ ಮೇಲಿದ್ದಾಗ 106 ಹರ್ಟ್ಸ್, ಕೆಳಗಿದ್ದಾಗ ಸುಮಾರು 9.6 ಹರ್ಟ್ಸ್. ರೋಟರಿ ಸ್ವಿಚ್ಚಿನಿಂದ 1 ನ್ಯಾನೋಫ್ಯಾರಡ್ ಜೋಡಿಗೆ ಬದಲಿಸಿದರೆ 96ರಿಂದ 1061 ಹರ್ಟ್ಸ್. ಆವರ್ತನ ನಾಬಿನ ತಿರುವಿಗೆ ನೇರ ಅನುಪಾತದಲ್ಲಿರುವುದರಿಂದ ಡಯಲ್ ಗುರುತುಗಳು ಸಮನಾಗಿ ಹರಡುತ್ತವೆ. ಪಾಟಿನ ಒಟ್ಟು ಓಮ್ ಶೇಕಡ 20 ಆಚೀಚೆ ಇದ್ದರೂ, ಬಿಸಿಗೆ ಬದಲಾದರೂ, ನಾಬಿನ ಕೆಳತುದಿಯ ಹತ್ತಿರ ಬಿಟ್ಟರೆ ಹೆಚ್ಚು ಚಿಂತೆಯಿಲ್ಲ, ಮುಖ್ಯವಾಗಿ ಅನುಪಾತವೇ ಲೆಕ್ಕಕ್ಕೆ ಬರುತ್ತದೆ. 150 ಕಿಲೋಓಮ್ ಪಾಟಿನ ಮೇಲೆ ಹಾಕುವ ಹೊರೆಯಿಂದ ಆಗುವ ತಪ್ಪು ಹೆಚ್ಚೆಂದರೆ ಶೇಕಡ 2ರೊಳಗೆ. ಎರಡು ಪಟ್ಟಿಗಳಲ್ಲಿ ಶೇಕಡ 10ರ ಹೊಂದಾಣಿಕೆ ತಪ್ಪಿದರೂ ಕ್ಯೂ 10 ಇದ್ದದ್ದು 9.5 ಅಥವಾ 10.5 ಆಗುತ್ತದೆ ಅಷ್ಟೆ, ಶಿಖರದ ಗೇನ್ ಬದಲಾಗುವುದೇ ಇಲ್ಲ. ಸ್ಯಾಲನ್-ಕೀಯಲ್ಲಿ ಇದೇ ತಪ್ಪು ಏನು ಮಾಡಿತೆಂದು ಮೇಲೆ ನೋಡಿದಿರಿ. ತೌಡಿನ ಧೂಳು ನುಗ್ಗದ ಮುಚ್ಚಿದ ಪಾಟ್ ಕೊಳ್ಳಿ. ಸಪ್ಲೈಗೆ 9 ವೋಲ್ಟಿನ ಎರಡು ಬ್ಯಾಟರಿ ಸಾಕು.

ಇಷ್ಟೆಲ್ಲ ಬೇಡ, ಮೋಟಾರಿನ ವೇಗದ ಸುತ್ತಮುತ್ತ ಮಾತ್ರ ಹುಡುಕಿದರೆ ಸಾಕು ಎನ್ನುವುದಾದರೆ ಒಂದೇ ಆಪ್-ಆಂಪಿನ ಮಲ್ಟಿಪಲ್ ಫೀಡ್‌ಬ್ಯಾಕ್ ಫಿಲ್ಟರ್ ಇದೆ. ಅದರಲ್ಲಿ ಗ್ರೌಂಡಿಗೆ ಹೋಗುವ ಒಂದು ರೆಸಿಸ್ಟರನ್ನು ಬದಲಿಸಿದರೆ ಆವರ್ತನ ಮಾತ್ರ ಬದಲಾಗುತ್ತದೆ. ಬ್ಯಾಂಡ್‌ವಿಡ್ತ್ ಮತ್ತು ಗೇನ್ ಹಾಗೆಯೇ ಉಳಿಯುತ್ತವೆ. 100 ನ್ಯಾನೋಫ್ಯಾರಡ್‌ನ ಎರಡು ಕೆಪಾಸಿಟರ್, ಫೀಡ್‌ಬ್ಯಾಕ್‌ಗೆ 1.3 ಮೆಗಾಓಮ್, ಇನ್‌ಪುಟ್‌ಗೆ 680 ಕಿಲೋಓಮ್, ಗ್ರೌಂಡಿಗೆ 2.2 ಕಿಲೋಓಮ್ ಜೊತೆ 5 ಕಿಲೋಓಮ್‌ನ ಒಂಟಿ ಪಾಟ್ ಹಾಕಿದರೆ 30ರಿಂದ 16.5 ಹರ್ಟ್ಸ್ ತನಕ ಟ್ಯೂನ್ ಆಗುತ್ತದೆ, ಬ್ಯಾಂಡ್‌ವಿಡ್ತ್ ಸುಮಾರು 2.4 ಹರ್ಟ್ಸ್. ಆವರ್ತನ ಓಮಿನ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುವುದರಿಂದ ಅಗಲವಾದ ವ್ಯಾಪ್ತಿ ಇದರಿಂದ ಸಾಧ್ಯವಿಲ್ಲ.

ಕೈನಾಬ್ ಬಿಟ್ಟು ಮೈಕ್ರೋಕಂಟ್ರೋಲರಿನಿಂದ ಟ್ಯೂನ್ ಮಾಡುವ ದಾರಿಗಳೂ ಇವೆ. ಎಲ್‌ಎಂ13700ನಂಥ ಓಟಿಎ (ಕರೆಂಟಿನಿಂದ ನಿಯಂತ್ರಿಸಬಹುದಾದ ಆಂಪ್ಲಿಫೈಯರ್) ಐಸಿಗೆ ಕರೆಂಟ್ ಕೊಟ್ಟು ಆವರ್ತನ ಬದಲಿಸಬಹುದು, ಆದರೆ ಅದರ ಗುಣ ತಾಪಮಾನಕ್ಕೆ ನೇರವಾಗಿ ಅಂಟಿಕೊಂಡಿದೆ. 20ರಿಂದ 45 ಡಿಗ್ರಿಗೆ ಹೋದರೆ ಆವರ್ತನ ಸುಮಾರು ಶೇಕಡ 8 ಇಳಿಯುತ್ತದೆ. ನಮ್ಮ ಬೇಸಿಗೆಗೆ, ಸರಿದೂಗಿಸುವ ಸರ್ಕ್ಯೂಟ್ ಇಲ್ಲದೆ, ಅದನ್ನು ನಾನು ಒಪ್ಪುವುದಿಲ್ಲ. ಎಂಎಫ್10ನಂಥ ಸ್ವಿಚ್ಡ್-ಕೆಪಾಸಿಟರ್ (ಕ್ಲಾಕಿನ ತಾಳಕ್ಕೆ ಕೆಪಾಸಿಟರನ್ನು ಸ್ವಿಚ್ ಮಾಡುವ) ಫಿಲ್ಟರಿನಲ್ಲಿ ಆವರ್ತನವೆಂದರೆ ಕ್ಲಾಕಿನ ಐವತ್ತನೆಯ ಅಥವಾ ನೂರನೆಯ ಒಂದು ಪಾಲು, ಬಹಳ ಸ್ಥಿರ. ಆದರೆ 10 ಹರ್ಟ್ಸ್‌ಗೆ ಟ್ಯೂನ್ ಮಾಡಲು ಕ್ಲಾಕ್ 1000 ಹರ್ಟ್ಸ್‌ಗೆ ಇಳಿದಾಗ, ಬೇರಿಂಗಿನ 990 ಹರ್ಟ್ಸ್ ಸದ್ದು 10 ಹರ್ಟ್ಸ್ ಎಂದು ವೇಷ ಹಾಕಿ ಬರುತ್ತದೆ. ಅದನ್ನು ತಡೆಯಲು ಮುಂದೆ ಇನ್ನೊಂದು ಅನಲಾಗ್ ಲೋ-ಪಾಸ್ ಬೇಕು.

ಡಿಜಿಟಲ್ ಸಲಹೆ ಕೊಟ್ಟವರು ತಪ್ಪು ಹೇಳಿಲ್ಲ. ಸಿಗ್ನಲನ್ನು ಮೈಕ್ರೋಕಂಟ್ರೋಲರಿಗೆ ಕೊಟ್ಟು ಎಫ್ಎಫ್‌ಟಿ (ಸಿಗ್ನಲನ್ನು ಅದರ ಆವರ್ತನಗಳಾಗಿ ಬಿಡಿಸುವ) ಲೆಕ್ಕ ಮಾಡಿಸಿದರೆ ಎಲ್ಲ ಆವರ್ತನಗಳೂ ಒಮ್ಮೆಗೇ ಕಾಣುತ್ತವೆ, ಅಗ್ಗ ಕೂಡ. ಆದರೆ ಅಲ್ಲಿಯೂ ಸೆನ್ಸರಿನ ಬಫರ್ ಮತ್ತು ಆಲಿಯಾಸಿಂಗ್ (ಮೇಲೆ ಹೇಳಿದ ಆವರ್ತನದ ವೇಷ) ತಡೆಯುವ ಅನಲಾಗ್ ಲೋ-ಪಾಸ್ ಬೇಕೇಬೇಕು. ಸೆನ್ಸರಿಗೆ ಅಡ್ಡಲಾಗಿ ಹಾಕಿದ 10 ಕಿಲೋಓಮ್‌ನ ಆ ತಪ್ಪು ಅಲ್ಲಿಯೂ ಅಷ್ಟೇ ನಷ್ಟ ಮಾಡುತ್ತದೆ. ಬ್ಯಾಟರಿ, ನಾಬ್, ಮುಳ್ಳಿನ ಮೀಟರ್ ಇರುವ ಉಪಕರಣ ಗಿರಣಿಯ ಧೂಳಿನಲ್ಲಿ ಕೂಡಲೇ ಉತ್ತರ ಕೊಡುತ್ತದೆ, ಕೆಟ್ಟರೆ ನೀವೇ ರಿಪೇರಿ ಮಾಡುತ್ತೀರಿ. ನಿಮ್ಮ ಅಂಗಡಿಗೆ ಮೊದಲು ಅನಲಾಗ್ ಪೆಟ್ಟಿಗೆ ಮುಗಿಸಿ ಎಂದೇ ಹೇಳುತ್ತೇನೆ.

ಗಿರಣಿಯಲ್ಲಿ ಬಳಸುವಾಗ 50 ಹರ್ಟ್ಸ್ ಬಗ್ಗೆ ಎಚ್ಚರ. ಮೋಟಾರಿನ ವೇಗದ ಎರಡು ಪಟ್ಟು, ಅಂದರೆ 48 ಹರ್ಟ್ಸ್‌ನ ಕಂಪನ, ಅಲೈನ್‌ಮೆಂಟ್ ತಪ್ಪಿದ್ದನ್ನು ಸೂಚಿಸಬಹುದು; ಅದರ ಪಕ್ಕದಲ್ಲೇ ತಂತಿಗಳಿಂದ ಹಿಡಿದ 50 ಹರ್ಟ್ಸ್ ಹಮ್ (ಮೇನ್ಸ್ ವಿದ್ಯುತ್ತಿನ ಗುಂಯ್ ಸದ್ದು) ಕೂತಿರುತ್ತದೆ. ಇವೆರಡನ್ನು ಫಿಲ್ಟರಿನಿಂದ ಬೇರ್ಪಡಿಸಲು ಹೋಗಬೇಡಿ; ಸೆನ್ಸರಿನಿಂದ ಶೀಲ್ಡ್ ಕೇಬಲ್ ಎಳೆದು ಹಮ್ ಬರದಂತೆ ಮಾಡಿ. ಅನುಮಾನ ಉಳಿದರೆ ನಾಬ್ ಅಲ್ಲಿಯೇ ಇಟ್ಟು ಮೋಟಾರಿನ ಸ್ವಿಚ್ ಆರಿಸಿ ಮುಳ್ಳು ನೋಡಿ. ವಿದ್ಯುತ್ತಿನ ದೋಷವಾದರೆ ಆ ಕ್ಷಣವೇ ಬೀಳುತ್ತದೆ; ಯಂತ್ರದ ದೋಷವಾದರೆ ವೇಗ ಇಳಿದಂತೆ ಜಾರುತ್ತದೆ. ಸೆನ್ಸರನ್ನು ಬೇರಿಂಗ್ ಹೌಸಿಂಗ್ ಮೇಲೆ ಗಟ್ಟಿಯಾಗಿ ಕೂರಿಸಿ, ಫ್ಯಾನ್ ಕವರ್ ಮೇಲೆ ಬೇಡ. ಕೇಬಲ್ ಬೆಲ್ಟ್ ಹತ್ತಿರ ಸುಳಿಯದಂತೆ ಕಟ್ಟಿ.

ಕೊನೆಯದಾಗಿ, ಬ್ಯಾಲೆನ್ಸ್ ದೋಷ ಮೋಟಾರಿನ ವೇಗದ ಆವರ್ತನದಲ್ಲೇ ಸಿಗುತ್ತದೆ, ಬೇರಿಂಗ್ ದೋಷ ಅಷ್ಟು ಸುಲಭವಾಗಿ ಸಿಗುವುದಿಲ್ಲ. 9 ಗುಂಡುಗಳಿರುವ 6205 ಬೇರಿಂಗಿನ ಹೊರ ಉಂಗುರದಲ್ಲಿ ಗುಳಿ ಬಿದ್ದರೆ ಶಾಫ್ಟ್ ಆವರ್ತನದ 3.58 ಪಟ್ಟು, ಒಳ ಉಂಗುರದಲ್ಲಾದರೆ 5.42 ಪಟ್ಟು ಬಡಿತ ಬರುತ್ತದೆ. 24 ಹರ್ಟ್ಸ್‌ಗೆ ಅವು 86 ಮತ್ತು 130 ಹರ್ಟ್ಸ್. ಆದರೆ ಶುರುವಿನ ಹಂತದಲ್ಲಿ ಈ ಆವರ್ತನಗಳಲ್ಲಿ ನೇರವಾಗಿ ಹುಡುಕಿದರೆ ಏನೂ ಕಾಣದು. ಪ್ರತಿ ಬಡಿತ ಹೌಸಿಂಗನ್ನು ಕೆಲವು ಕಿಲೋಹರ್ಟ್ಸ್‌ನಲ್ಲಿ ಝಣಗುಟ್ಟಿಸುತ್ತದೆ, ಆ ಝಣಕಾರದ ಏರಿಳಿತದಲ್ಲಿ 86 ಅಡಗಿರುತ್ತದೆ. ಆದ್ದರಿಂದ ಅದೇ ರೋಟರಿ ಸ್ವಿಚ್ಚಿಗೆ 100 ಪಿಕೋಫ್ಯಾರಡ್‌ನ ಸಿ0ಜಿ ಜೋಡಿಯೊಂದನ್ನು ಸೇರಿಸಿ. ಸುಮಾರು 1ರಿಂದ 10 ಕಿಲೋಹರ್ಟ್ಸ್ ವ್ಯಾಪ್ತಿ ಸಿಗುತ್ತದೆ. ಇಷ್ಟು ಸಣ್ಣ ಕೆಪಾಸಿಟರಿಗೆ ತಂತಿ ಗಿಡ್ಡವಾಗಿರಲಿ, ಕ್ಯೂ 5ರಲ್ಲಿರಲಿ. ಸದ್ದು ಹೆಚ್ಚಿರುವ ಜಾಗಕ್ಕೆ ಟ್ಯೂನ್ ಮಾಡಿ, ಆ ಔಟ್‌ಪುಟ್ ಅನ್ನು ಆಪ್-ಆಂಪ್ ಬಳಸಿದ ನಿಖರ ರೆಕ್ಟಿಫೈಯರಿಗೆ ಕೊಡಿ, ಏಕೆಂದರೆ ಬರೀ ಡಯೋಡ್ ಹಾಕಿದರೆ ಸಣ್ಣ ಸಿಗ್ನಲ್ ಅದರ 0.6 ವೋಲ್ಟಿನಲ್ಲೇ ಕಳೆದುಹೋಗುತ್ತದೆ. ಅಲ್ಲಿಂದ 500 ಹರ್ಟ್ಸ್‌ನ ಲೋ-ಪಾಸ್ ದಾಟಿಸಿ, ಇದೇ ವಿನ್ಯಾಸದ ಎರಡನೆಯ ಬೋರ್ಡಿಗೆ ಕೊಟ್ಟು, ಅದರ ನಾಬನ್ನು 86 ಮತ್ತು 130ರ ಸುತ್ತ ನಿಧಾನವಾಗಿ ತಿರುಗಿಸಿ ನೋಡಿ. ಈ ಕೆಲಸಕ್ಕೆ ಪೀಜೋ ಬಿಲ್ಲೆಯೇ ಬೇಕು, ಎಡಿಎಕ್ಸ್‌ಎಲ್335 ಇಷ್ಟು ಮೇಲಿನ ಆವರ್ತನವನ್ನು ಹಿಡಿಯದು.